3ನೇ ಕ್ಲಾಸಿನ ಮಗಳು ಗಡಗಡ ಓದ್ತಾಳೆ, ಏನು ಓದಿದೆ ಅಂದ್ರೆ ಹೇಳೋಕಾಗಲ್ಲ. ಏನ್ ಮಾಡ್ಲಿ?

ಹಾಸನದ_ಅಪ್ಪ

ಎಲ್ಲರಿಗೂ ನಮಸ್ಕಾರ. ಮಗಳು ಈಗ 3ನೇ ಕ್ಲಾಸು, ಕನ್ನಡ ಮಾಧ್ಯಮ. ಓದು ಅಂದ್ರೆ ಸಾಕು, ಗಡಗಡ ಓದ್ತಾಳೆ. ಒತ್ತಕ್ಷರ ಬಂದ್ರೂ ತಡವರಿಸಲ್ಲ. ಮನೆಗೆ ಬಂದ ನೆಂಟರು ಪೇಪರ್ ಕೊಟ್ಟು ಓದಿಸಿ ಹೊಗಳಿ ಹೋಗ್ತಾರೆ. ಆದ್ರೆ ಮುಗಿದ ಮೇಲೆ "ಏನಮ್ಮ ಇತ್ತು ಅದ್ರಲ್ಲಿ?" ಅಂತ ಕೇಳಿದ್ರೆ ನನ್ನ ಮುಖ ನೋಡ್ತಾಳೆ. ಬಲವಂತ ಮಾಡಿದ್ರೆ ಮೊದಲನೇ ಸಾಲನ್ನೇ ಇನ್ನೊಂದ್ಸಲ ಓದ್ತಾಳೆ.

ಇನ್ನೊಂದು ವಿಷಯ. ಪಾಠದ ಕೊನೆಗಿರೋ ಪ್ರಶ್ನೆಗಳಿಗೆಲ್ಲ ಸರಿಯಾಗಿ ಉತ್ತರ ಬರೀತಾಳೆ, ನೋಟ್ಸ್ ತುಂಬ ರೈಟ್ ಮಾರ್ಕು. ಮೇಷ್ಟ್ರನ್ನ ಕೇಳಿದ್ರೆ "ಚುರುಕು ಹುಡುಗಿ, ಚಿಂತೆ ಬೇಡಿ" ಅಂದ್ರು. ನನಗೆ ಮಾತ್ರ ಸಮಾಧಾನ ಇಲ್ಲ. ಲೆಕ್ಕದಲ್ಲೂ ಇದೇ ಕಥೆ. 24ರಲ್ಲಿ 9 ಕಳಿ ಅಂದ್ರೆ ಕಳೀತಾಳೆ. ಅದನ್ನೇ ವಾಕ್ಯ ಮಾಡಿ ಕೊಟ್ರೆ "ಅಪ್ಪ, ಇದು ಕೂಡೋದಾ ಕಳೆಯೋದಾ?" ಅಂತಾಳೆ. ಟ್ಯೂಷನ್‌ಗೆ ಹಾಕಬೇಕಾ? ಇಲ್ಲ ಸುಮ್ನೆ ಬಿಡಬೇಕಾ?

ಸಿದ್ದು_ತಿಪಟೂರು

ಇನ್ನೂ ಚಿಕ್ಕವಳು ಬಿಡಿ ಸರ್. ಐದನೇ ಕ್ಲಾಸಿಗೆ ಬರೋಷ್ಟರಲ್ಲಿ ತಾನೇ ಸರಿಹೋಗುತ್ತೆ.

ಕಪ್ಪುಹಲಗೆ_ಮೇಡಂ

ತಾನೇ ಸರಿಹೋಗಲ್ಲ ಸಿದ್ದು ಅವರೇ. ನಾನು ಚಾಮರಾಜನಗರ ಜಿಲ್ಲೆಯಲ್ಲಿ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಶಿಕ್ಷಕಿ. ಹೀಗೆ "ಚೆನ್ನಾಗಿ ಓದೋ" ಮಕ್ಕಳೇ ಯಾರ ಕಣ್ಣಿಗೂ ಬೀಳದೆ ಮುಂದಕ್ಕೆ ಹೋಗಿಬಿಡೋದು. ಅಕ್ಷರ ಬರದ ಮಗು ಮೊದಲ ದಿನವೇ ಗೊತ್ತಾಗುತ್ತೆ. ಅರ್ಥ ಆಗದ ಮಗು ಸಮಾಜ, ವಿಜ್ಞಾನ ಪಾಠ ಉದ್ದ ಆಗೋವರೆಗೂ ಗೊತ್ತಾಗಲ್ಲ.

ಪ್ರಶ್ನೆಗೆ ಹೇಗೆ ಸರಿ ಉತ್ತರ ಬರೀತಾಳೆ ಅಂತ ಕೇಳಿದ್ರಲ್ಲ, ಇದನ್ನ ಓದಿ:

"ಗುಬ್ಬಳನು ಚಿಟ್ಟಾರದಲ್ಲಿ ಮೊರಗಿದನು. ಅವನು ತಿಮ್ಮಟೆಗೆ ಲೋಪುರವನ್ನು ಕೊಟ್ಟನು."

ಪ್ರಶ್ನೆ 1: ಗುಬ್ಬಳನು ಎಲ್ಲಿ ಮೊರಗಿದನು? ಪ್ರಶ್ನೆ 2: ಗುಬ್ಬಳನು ಯಾರಿಗೆ ಲೋಪುರವನ್ನು ಕೊಟ್ಟನು?

ನೀವೂ ಉತ್ತರ ಕೊಟ್ಟಿರಿ, ಅಲ್ವಾ? ಚಿಟ್ಟಾರದಲ್ಲಿ, ತಿಮ್ಮಟೆಗೆ. ಗುಬ್ಬಳ ಯಾರು, ಮೊರಗೋದು ಅಂದ್ರೆ ಏನು, ಯಾರಿಗೂ ಗೊತ್ತಿಲ್ಲ. ಎಲ್ಲ ನಾನೇ ಕಟ್ಟಿದ ಪದಗಳು. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟಿಕೊಂಡಿರುತ್ತೆ. "ಎಲ್ಲಿ" ಅಂದ್ರೆ "-ಅಲ್ಲಿ" ಇರೋ ಪದ ಹುಡುಕು, "ಯಾರಿಗೆ" ಅಂದ್ರೆ "-ಗೆ" ಇರೋ ಪದ ಹುಡುಕು. ಇದನ್ನ ಯಾರೂ ಹೇಳಿಕೊಡಬೇಕಾಗಿಲ್ಲ, ಚುರುಕು ಮಕ್ಕಳು ತಾವೇ ಕಂಡುಕೊಳ್ತಾರೆ. ನಿಮ್ಮ ಮಗಳೂ ಕಂಡುಕೊಂಡಿರಬೇಕು. ಅದಕ್ಕೇ ನೋಟ್ಸಲ್ಲಿ ರೈಟ್ ಮಾರ್ಕು.

ಈಗ ಮನೇಲಿ ಒಂದು ಕೆಲಸ ಮಾಡಿ. ಅವಳು ಓದಿಲ್ಲದ ಒಂದು ಪುಟ್ಟ ಕಥೆ ತಗೊಂಡು ನೀವೇ ಓದಿ ಹೇಳಿ. ಪುಸ್ತಕ ಮುಚ್ಚಿ "ಏನಾಯ್ತು ಹೇಳು" ಅನ್ನಿ. ಇನ್ನೊಂದು ದಿನ ಅಂಥದ್ದೇ ಇನ್ನೊಂದು ಕಥೆ ಅವಳೇ ಓದಲಿ, ಅದೇ ಪ್ರಶ್ನೆ ಕೇಳಿ. ಕೇಳಿದ್ದೂ ಅರ್ಥ ಆಗ್ತಿಲ್ಲ ಅಂದ್ರೆ ತೊಂದರೆ ಪದಸಂಪತ್ತು, ಭಾಷೆಯಲ್ಲಿ. ಕೇಳಿದ್ದು ಅರ್ಥ ಆಗಿ ಓದಿದ್ದು ಆಗ್ತಿಲ್ಲ ಅಂದ್ರೆ ತೊಂದರೆ ಓದೋ ರೀತಿಯಲ್ಲಿ. ಎರಡಕ್ಕೂ ಮದ್ದು ಬೇರೆ ಬೇರೆ. ಟ್ಯೂಷನ್ ಈಗಲೇ ಬೇಡ.

ಗಣಕ_ಗಂಗಣ್ಣ

ಮೇಡಂ, ಗುಬ್ಬಳನ ಪ್ರಶ್ನೆನ ನನ್ನ ಮಗನಿಗೆ ಈಗ ತಾನೇ ಕೊಟ್ಟೆ. ಎರಡಕ್ಕೂ ಸರಿ ಬರೆದ. "ಗುಬ್ಬಳ ಅಂದ್ರೆ ಯಾರೋ?" ಅಂದ್ರೆ "ಗೊತ್ತಿಲ್ಲ, ಪಾಠದಲ್ಲಿ ಇರಲಿಲ್ಲ" ಅಂದ. ನಿಜವಾಗ್ಲೂ ಗಾಬರಿ ಆಯ್ತು.

ಅಕ್ಷರಪ್ರೇಮಿ_68

ಇದಕ್ಕೆಲ್ಲ ಮೂಲ ಸರ್ಕಾರಿ ಶಾಲೆಗಳ ನಲಿ-ಕಲಿ ಎಂಬ ಕಲಿಕಾ ಪದ್ಧತಿ. 2009ರಲ್ಲಿ ತಂದರು, ಅಲ್ಲಿಗೆ ಓದು ಹಾಳಾಯಿತು. ನಮ್ಮ ಕಾಲದಲ್ಲಿ ಅ ಆ ಇ ಈ ತಿದ್ದಿಸಿ, ಕಾಗುಣಿತ ಬಾಯಿಪಾಠ ಮಾಡಿಸಿ, ಆಮೇಲೆ ಪದ, ಆಮೇಲೆ ವಾಕ್ಯ. ಈಗ ಕಾರ್ಡು, ಚಿತ್ರ, ಹಾಡು. ಮಕ್ಕಳಿಗೆ ಅಕ್ಷರಮಾಲೆಯ ಕ್ರಮವೇ ಗೊತ್ತಿಲ್ಲ.

ಹೆಗ್ಗಡೆಕೋಟೆ_ಹುಡುಗ

ತಿದ್ದುಪಡಿ: ನಲಿ-ಕಲಿ ಶುರುವಾದದ್ದು 1995ರಲ್ಲಿ, ನಮ್ಮ ಎಚ್.ಡಿ. ಕೋಟೆ ತಾಲ್ಲೂಕಲ್ಲಿ. ಆಂಧ್ರದ ಋಷಿವ್ಯಾಲಿ ಶಾಲೆಯ ಮಾದರಿ ನೋಡಿಕೊಂಡು ಬಂದು, ಯುನಿಸೆಫ್ ನೆರವಲ್ಲಿ ಇಲ್ಲಿನ ಶಿಕ್ಷಕರೇ ಕಾರ್ಡುಗಳನ್ನ ಮಾಡಿದ್ದು. 2009-10ರಲ್ಲಿ ಆಗಿದ್ದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗಳಿಗೆ ವಿಸ್ತರಣೆ. ನಾನು ಅದರಲ್ಲೇ ಕಲಿತವನು. ರ, ಗ, ಸ, ದ, ಅ ಇಂದ ಶುರು. ಈ ಐದೇ ಅಕ್ಷರ ಬಂದರೆ ಗರಗಸ, ಅರಸ, ಸರಸರ ಅಂತ ಅರ್ಥ ಇರೋ ಪದ ಓದಬಹುದು. ಅಕ್ಷರಮಾಲೆ ಕ್ರಮದಲ್ಲಿ ಹೋದ್ರೆ ಋ ಕಲಿತು ಮಗು ಯಾವ ಪದ ಓದುತ್ತೆ ಹೇಳಿ?

ಅಕ್ಷರಪ್ರೇಮಿ_68

ಋಷಿ ಓದುತ್ತದೆ. ಕ್ರಮ ಎಂಬುದಕ್ಕೂ ಒಂದು ಬೆಲೆ ಇದೆ. ನಿಘಂಟು ನೋಡಲು ಬರುವುದಿಲ್ಲ ಈಗಿನವರಿಗೆ.

ಕಪ್ಪುಹಲಗೆ_ಮೇಡಂ

ಹಿರಿಯರೇ, ನಿಘಂಟಿನ ಮಾತು ಒಪ್ತೀನಿ, ಅಕ್ಷರಮಾಲೆ ಕ್ರಮ ನಾವು ಆಮೇಲೆ ಹೇಳಿಕೊಡ್ತೀವಿ. ಆದ್ರೆ ಹಾಸನದವರ ಮಗಳಿಗೆ ಅಕ್ಷರದ ತೊಂದರೆನೇ ಇಲ್ಲ, ಅವಳು ಗಡಗಡ ಓದ್ತಾಳೆ. ಕಾಗುಣಿತ ತಿದ್ದಿಸಿದ್ರೂ ಕಾರ್ಡಲ್ಲಿ ಕಲಿಸಿದ್ರೂ ಅಲ್ಲಿವರೆಗೆ ಬರಬಹುದು. ಅಲ್ಲಿಂದ ಮುಂದೆ ಏನು ಅನ್ನೋದು ಪ್ರಶ್ನೆ.

ಮಾಸ್ತರ_ಕೊಪ್ಪಳ

ನಾನು ಒಂದು ಮಾತು ಹೇಳ್ತೀನ್ರಿ. ನಮ್ಮ ಕಡೆ ಹುಡುಗ್ರು ಮನ್ಯಾಗ ಆಡೋ ಮಾತೇ ಬ್ಯಾರೆ, ಪುಸ್ತಕದಾಗಿನ ಮಾತೇ ಬ್ಯಾರೆ. "ಅವನು ತೋಟದಿಂದ ಹಿಂದಿರುಗಿದನು" ಅಂತ ಪಾಠದಾಗ ಇರ್ತೈತಿ. ಹುಡುಗ ಛಲೋತ್ನಾಗಿ ಓದ್ತಾನ. "ಹಿಂದಿರುಗಿದನು ಅಂದ್ರ ಏನೋ?" ಅಂದ್ರ "ಹಿಂದಕ್ಕ ತಿರುಗಿ ನೋಡಿದ್ರಿ ಸರ್" ಅಂತಾನ. ತಪ್ಪು ಅವನದಲ್ಲ. ಅವನ ಮನ್ಯಾಗ "ಹೊಳ್ಳಿ ಬಂದ" ಅಂತಾರ. ಒಂದ್ಸಲ "ಹೊಳ್ಳಿ ಬಂದ ಅಂತ ಅರ್ಥಪಾ" ಅಂದ್ರ ಮುಗೀತು, ಮುಂದ ಎಂದೂ ಮರಿಯಂಗಿಲ್ಲ.

ತಾಂಡಾದಿಂದ ಬರೋ ಹುಡುಗ್ರದು ಇನ್ನೂ ಬ್ಯಾರೆ. ಮನ್ಯಾಗ ಲಂಬಾಣಿ. ಆರು ವರ್ಷದಾಗ ಒಮ್ಮೆಲೆ ಕನ್ನಡ ಅಕ್ಷರ, ಕನ್ನಡ ಮಾತು ಎರಡೂ ಕಲೀಬೇಕು. ಒಂದೊಂದ್ ಹುಡುಗಿ ಬಾಯಿಲೆ ಬಾಳ ಛಂದ ಓದ್ತಾಳ, ಒಂದು ಪದ ತಿಳಿದಿರಂಗಿಲ್ಲ. ಅಂಥವ್ರಿಗೆ ನಾ ಏನ್ ಮಾಡ್ತೀನಿ ಅಂದ್ರ, ಪಾಠ ಓದಿಸೋಕಿಂತ ಮೊದ್ಲು ಅದೇ ಚಿತ್ರ ತೋರಿಸಿ ಅವರ ಭಾಷೆದಾಗ ಮಾತಾಡಕ್ಕ ಬಿಡ್ತೀನಿ. ದೊಡ್ಡ ಹುಡುಗಿ ಒಬ್ಬಾಕಿ ಕನ್ನಡಕ್ಕ ತಿರುಗಿಸಿ ಹೇಳ್ತಾಳ. ಮಾತು ಮೊದ್ಲು, ಓದು ಆಮ್ಯಾಲೆ. ಉಲ್ಟಾ ಮಾಡಿದ್ರ ಬರೇ ಸಪ್ಪಳ ಉಳಿತೈತಿ.

ಕಡಲತಡಿ_ಟೀಚರ್

ನಮ್ಮಲ್ಲಿಯೂ ಹಾಗೆಯೇ. ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ ಮಾತಾಡುವ ಮಕ್ಕಳು. ಆದರೆ ಒಂದು ವ್ಯತ್ಯಾಸ, ಪುಸ್ತಕದ ಕನ್ನಡ ನಮ್ಮ ಮಕ್ಕಳಿಗೆ ಅಷ್ಟು ದೂರ ಅನಿಸುವುದಿಲ್ಲ, ಯಾಕೆಂದರೆ ಕನ್ನಡ ಕಲಿಯುವುದೇ ಪುಸ್ತಕದಿಂದ. ಕಷ್ಟ ಆಗುವುದು ಅವರ ಊರಲ್ಲಿ ಇಲ್ಲದ ಸಂಗತಿಗಳು. ರಾಗಿ ಕಣದ ಪಾಠ ಬಂದರೆ ಕಣ ಅಂದರೆ ಏನೆಂದು ತೋರಿಸಲಿಕ್ಕೆ ನನ್ನ ಬಳಿ ಚಿತ್ರ ಕೂಡ ಇಲ್ಲ.

ಮನಃಶಾಸ್ತ್ರ_ಓದುಗ

ಟೀಚರ್ ಹೇಳಿದ್ದಕ್ಕೆ ಒಂದು ಹಳೆಯ ಪ್ರಯೋಗ ಇದೆ. 1988ರಲ್ಲಿ ಅಮೆರಿಕದಲ್ಲಿ ರೆಕ್ಟ್ ಮತ್ತು ಲೆಸ್ಲಿ ಅನ್ನುವ ಇಬ್ಬರು ಸಂಶೋಧಕರು ಮಕ್ಕಳಿಗೆ ಬೇಸ್‌ಬಾಲ್ ಆಟದ ಒಂದು ವರದಿ ಓದಲು ಕೊಟ್ಟರು. ಓದುವುದರಲ್ಲಿ ಹಿಂದಿದ್ದು ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದುವುದರಲ್ಲಿ ಮುಂದಿದ್ದು ಆಟ ಗೊತ್ತಿಲ್ಲದ ಮಕ್ಕಳಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ಅಂದರೆ "ಅರ್ಥ ಮಾಡಿಕೊಳ್ಳುವ ಕೌಶಲ" ಅಂತ ವಿಷಯದಿಂದ ಬೇರೆಯಾದ ಒಂದು ವಸ್ತು ಇಲ್ಲ. ವಿಷಯ ಗೊತ್ತಿದ್ದಷ್ಟು ಅರ್ಥ. ಅಭ್ಯಾಸ ಪುಸ್ತಕ ತಂದು ಗದ್ಯಭಾಗ, ಪ್ರಶ್ನೆ, ಗದ್ಯಭಾಗ, ಪ್ರಶ್ನೆ ಅಂತ ಮಾಡಿಸಿದರೆ ಏನೂ ಆಗುವುದಿಲ್ಲ. ಮಗುವಿಗೆ ಲೋಕ ತೋರಿಸಬೇಕು.

ಕಪ್ಪುಹಲಗೆ_ಮೇಡಂ

ಅರ್ಧ ಒಪ್ತೀನಿ. ವಿಷಯ ಗೊತ್ತಿದ್ದೂ ಓದುವಾಗ ಅದನ್ನ ಬಳಸದ ಮಕ್ಕಳಿದ್ದಾರೆ. ಓದೋದು ಅಂದ್ರೆ ಗಟ್ಟಿಯಾಗಿ ಹೇಳೋದು ಅಂತಷ್ಟೇ ಅಂದುಕೊಂಡಿರೋರು. ಅವರಿಗೆ ಮಧ್ಯೆ ನಿಂತು ಕೇಳಿಕೊಳ್ಳೋದನ್ನ ಕಲಿಸಲೇಬೇಕು. 1984ರಲ್ಲಿ ಪಾಲಿಂಕ್ಸಾರ್ ಮತ್ತು ಬ್ರೌನ್ ತೋರಿಸಿದ್ದೂ ಅದನ್ನೇ ಅಲ್ವಾ? ಮುಂದೇನಾಗಬಹುದು ಅಂತ ಊಹಿಸು, ಪ್ರಶ್ನೆ ಕೇಳು, ಗೊತ್ತಾಗದ್ದನ್ನ ಬಿಡಿಸಿಕೋ, ನಿನ್ನ ಮಾತಲ್ಲಿ ಹೇಳು. ಶಿಕ್ಷಕರು ಮೊದಲು ಮಾಡಿ ತೋರಿಸಿ, ಆಮೇಲೆ ಮಕ್ಕಳೇ ಸರದಿ ಮೇಲೆ ಶಿಕ್ಷಕರಾಗೋದು. ಗುಂಪಲ್ಲಿ ತುಂಬ ಚೆನ್ನಾಗಿ ನಡೆಯುತ್ತೆ.

ಸರ್ಕಾರಿಶಾಲೆ_ಉಳಿಸಿ

ಈ ವರ್ಷ ಎಷ್ಟು ಶಾಲೆಗೆ ಅತಿಥಿ ಶಿಕ್ಷಕರು ಬಂದಿದ್ದಾರೆ, ಮೊದಲು ಅದನ್ನ ಕೇಳ್ರಪ್ಪ. ಒಬ್ಬರೇ ಮೇಷ್ಟ್ರು, ಐದು ಕ್ಲಾಸು, ಬಿಸಿಯೂಟದ ಲೆಕ್ಕ, ಹಾಲಿನ ಲೆಕ್ಕ, ಮೊಟ್ಟೆ ಲೆಕ್ಕ, ಆ್ಯಪಲ್ಲಿ ಹಾಜರಿ. ಅವರು ಮಕ್ಕಳ ಜೊತೆ ಕೂತು ಊಹಿಸು ಬಿಡಿಸು ಅಂತ ಯಾವಾಗ ಮಾಡ್ತಾರೆ?

ಕಪ್ಪುಹಲಗೆ_ಮೇಡಂ

ಅದೂ ನಿಜ. ನಾನೂ ಅಂಥದ್ದೇ ಶಾಲೆಯಲ್ಲಿರೋಳು.

ದಾವಣಗೆರೆ_ದೋಸೆ

ಇಂಗ್ಲಿಷ್ ಮೀಡಿಯಂಗೆ ಹಾಕಿ ಸರ್, ಅಲ್ಲಿ ಕಾಂಪ್ರಹೆನ್ಷನ್ ಅಂತಲೇ ಒಂದು ಪೀರಿಯಡ್ ಇರುತ್ತೆ.

ಮಾಸ್ತರ_ಕೊಪ್ಪಳ

ಮನ್ಯಾಗಿನ ಕನ್ನಡಕ್ಕೂ ಪುಸ್ತಕದ ಕನ್ನಡಕ್ಕೂ ಇರೋ ಅಂತರಾನೇ ದಾಟಾಕ ಆಗವಲ್ತು, ಇನ್ನ ಇಂಗ್ಲಿಷಿಗೆ ಹಾಕ್ರಿ ಅಂತೀರಲ್ರಿ.

ದಾವಣಗೆರೆ_ದೋಸೆ

ನನ್ನ ಮಕ್ಕಳಿಬ್ಬರೂ ಅಲ್ಲೇ ಓದಿದ್ದು. ಚೆನ್ನಾಗೇ ಇದ್ದಾರೆ. ಮುಂದೆ ಕೆಲಸ ಸಿಗೋದು ಯಾವ ಭಾಷೆಲಿ ಅಂತ ಯೋಚನೆ ಮಾಡಿ.

ಬೆಂಗಳೂರು_ಅಮ್ಮ

ನನ್ನ ಮಗ ಇಂಗ್ಲಿಷ್ ಮೀಡಿಯಂ, ಒಳ್ಳೇ ಫೀಸ್ ತಗೊಳ್ಳೋ ಶಾಲೆನೇ. 4ನೇ ಕ್ಲಾಸು. ಕಾಂಪ್ರಹೆನ್ಷನ್ ಪೀರಿಯಡ್‌ನಲ್ಲಿ ಅವನು ಮಾಡೋದು ಪ್ರಶ್ನೆಯಲ್ಲಿರೋ ಪದ ಗದ್ಯದಲ್ಲಿ ಎಲ್ಲಿದೆ ಅಂತ ಹುಡುಕಿ ಆ ಸಾಲನ್ನ ಇಳಿಸೋದು. ಗುಬ್ಬಳನ ಕಥೆನೇ, ಲಿಪಿ ಬೇರೆ. ಕನ್ನಡ ಎರಡನೇ ಭಾಷೆ, ಅದನ್ನಂತೂ ಗೈಡ್ ನೋಡಿ ಬಾಯಿಪಾಠ. ಹಾಗಾಗಿ ಮೀಡಿಯಂ ಬದಲಿಸಿದ್ರೆ ಇದು ಬಗೆಹರಿಯುತ್ತೆ ಅಂತ ದಯವಿಟ್ಟು ಯಾರೂ ಅಂದುಕೋಬೇಡಿ.

ಅಂಕಿಅಂಶ_ಆನಂದ

ಚರ್ಚೆಗೆ ಒಂದೆರಡು ಅಂಕಿ. ಮಕ್ಕಳ ಓದು, ಲೆಕ್ಕ ಅಳೆಯೋ ಅಸರ್ ಸಮೀಕ್ಷೆಯ ವರದಿ ಪ್ರಕಾರ ದೇಶದ ಗ್ರಾಮೀಣ ಭಾಗದಲ್ಲಿ 2ನೇ ತರಗತಿ ಮಟ್ಟದ ಪಠ್ಯ ಓದಬಲ್ಲ 3ನೇ ತರಗತಿ ಮಕ್ಕಳು 2022ರಲ್ಲಿ ಶೇ 20.5, 2024ರಲ್ಲಿ ಶೇ 27.1. ಅಂದ್ರೆ ಈ ಹುಡುಗಿ ಈಗಾಗಲೇ ಮೇಲಿನ ಕಾಲುಭಾಗದಲ್ಲಿದ್ದಾಳೆ. ಚಿಕ್ಕ ಮಕ್ಕಳ ಓದು, ಲೆಕ್ಕಕ್ಕೆ ಕೇಂದ್ರ ಸರ್ಕಾರ ಮಾಡಿರೋ ನಿಪುಣ್ ಭಾರತ್ ಕಾರ್ಯಕ್ರಮದ ಗುರಿ 3ನೇ ತರಗತಿಗೆ ನಿಮಿಷಕ್ಕೆ 60 ಪದ. ಗಡಿಯಾರ ಇಟ್ಟು ನೋಡಿ, 60 ದಾಟಿದ್ರೆ ಯೋಚನೆ ಮಾಡಬೇಡಿ.

ಕಪ್ಪುಹಲಗೆ_ಮೇಡಂ

ಆನಂದ ಅವರೇ, ನಿಪುಣ್ ಗುರಿಯನ್ನ ಅರ್ಧಕ್ಕೆ ನಿಲ್ಲಿಸಿಬಿಟ್ರಿ. ಅಪರಿಚಿತ ಪಠ್ಯವನ್ನ ನಿಮಿಷಕ್ಕೆ ಕನಿಷ್ಠ 60 ಪದದಂತೆ, ಅರ್ಥ ಮಾಡಿಕೊಂಡು ಓದಬೇಕು ಅಂತ ಇರೋದು. ತಾಲ್ಲೂಕಿಂದ ಪರಿಶೀಲನೆಗೆ ಬರೋರೂ ಹೀಗೇ ಮೊದಲ ಭಾಗ ಮಾತ್ರ ಅಳೀತಾರೆ. ಅಸರ್‌ನ ಓದಿನ ಪರೀಕ್ಷೆನೂ ಅಷ್ಟೇ. ಅಕ್ಷರ, ಪದ, 1ನೇ ತರಗತಿ ಪ್ಯಾರಾ, 2ನೇ ತರಗತಿ ಕಥೆ. ಮಗು ಸರಾಗ ಓದಿತಾ ಅಂತ ನೋಡ್ತಾರೆ. ನೀವು ಹೇಳಿದ ಶೇ 27.1ರಲ್ಲಿ ಅರ್ಥ ಆದವರು ಎಷ್ಟು ಅಂತ ಆ ಅಂಕಿ ಹೇಳಲ್ಲ.

ಇನ್ನೊಂದು. ನಿಮಿಷಕ್ಕೆ ಇಷ್ಟು ಪದ ಅನ್ನೋ ಲೆಕ್ಕ ಕನ್ನಡಕ್ಕೆ ಹಾಗೇ ಹೊಂದಲ್ಲ. "ಮನೆಯಲ್ಲಿದ್ದವರಿಗೆಲ್ಲ" ಅನ್ನೋದು ನಮಗೆ ಒಂದು ಪದ. ಮಗು ಅದನ್ನ ಒಡೆದು, ಯಾರು, ಎಲ್ಲಿ, ಎಷ್ಟು ಜನ, ಯಾರಿಗೆ ಅಂತ ಕೂಡಿಸಿಕೊಳ್ಳಬೇಕು.

ಲಿಪಿಕಾರ

ಮೇಡಂ ಮಾತಿಗೆ ಸೇರಿಸುವುದಾದರೆ, ಕನ್ನಡದ ಅಕ್ಷರ ವ್ಯವಸ್ಥೆ ಕೂಡ ದೊಡ್ಡದು. 34 ವ್ಯಂಜನಕ್ಕೆ ಕಾಗುಣಿತ ಹಾಕಿದರೇ ನಾನೂರು ದಾಟುತ್ತದೆ, ಮೇಲೆ ಒತ್ತಕ್ಷರ. ಅರ್ಕಾವತ್ತನ್ನು ನೋಡಿ: "ರ್" ಉಚ್ಚಾರದಲ್ಲಿ ಮೊದಲು, ಬರಹದಲ್ಲಿ ಅಕ್ಷರದ ನಂತರ. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಅವರ 2007ರ ಅಧ್ಯಯನವಿದೆ. ಅಕ್ಷರ ಕಲಿಕೆ ಮೊದಲೆರಡು ವರ್ಷಕ್ಕೆ ಮುಗಿಯುವುದಿಲ್ಲ, ಅದರಾಚೆಗೂ ನಡೆಯುತ್ತದೆ ಎಂದು ಅವರು ತೋರಿಸಿದ್ದಾರೆ. 1ನೇ ತರಗತಿ ಮುಗಿಯುವಷ್ಟರಲ್ಲಿ ಪೇಪರ್ ಓದಲಿ ಎಂದು ಅವಸರ ಮಾಡುವವರು ಇದನ್ನು ಗಮನಿಸಬೇಕು.

ಹಾಸನದ_ಅಪ್ಪ

ಇಷ್ಟೊಂದು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಮೇಡಂ ಹೇಳಿದ ಹಾಗೆ ಮಾಡಿದೆ. ನಾನು ಓದಿ ಹೇಳಿದ ಕಥೆನ ಪೂರ್ತಿ ಹೇಳಿದಳು, ನರಿ ಯಾಕೆ ಸುಳ್ಳು ಹೇಳ್ತು ಅಂತಾನೂ ಹೇಳಿದಳು. ಅವಳೇ ಓದಿದ ಕಥೆ ಕೇಳಿದ್ರೆ ಮತ್ತೆ ಅದೇ ಮೌನ. ಅದಕ್ಕೆ ಕೂತು ಅವಳು ಓದೋದನ್ನೇ ಗಮನ ಇಟ್ಟು ಕೇಳಿದೆ. ಒಂದೇ ರಾಗ. ಪೂರ್ಣವಿರಾಮ ಬಂದ್ರೂ ನಿಲ್ಲಲ್ಲ, ಉಸಿರು ಮುಗಿದ ಕಡೆ ನಿಲ್ತಾಳೆ. ಮಾತಾಡಿದ ಹಾಗೆ ಬರ್ತಿದ್ದ ಸಾಲನ್ನೂ ಅದೇ ರಾಗದಲ್ಲಿ ಓದಿದಳು.

ಕಪ್ಪುಹಲಗೆ_ಮೇಡಂ

ಸಿಕ್ತು ನೋಡಿ. ಭಾಷೆ ಚೆನ್ನಾಗಿದೆ, ಅಕ್ಷರವೂ ಬಂದಿದೆ. ಎಲ್ಲಿ ತುಂಡು ಮಾಡಬೇಕು ಅನ್ನೋದು ಬಂದಿಲ್ಲ. ಕನ್ನಡದಲ್ಲಿ ಇದು ಸಣ್ಣ ವಿಷಯ ಅಲ್ಲ, ಯಾಕಂದ್ರೆ ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ, ಮಧ್ಯೆ ಬರೋ ಕೃದಂತಗಳು ("ಬಂದ ಹುಡುಗ"ದಲ್ಲಿ "ಬಂದ" ಇದ್ದ ಹಾಗೆ) ನೋಡೋಕೆ ಕ್ರಿಯಾಪದದ ಹಾಗೇ ಇರ್ತವೆ. ಈ ವಾಕ್ಯ ಅವಳಿಗೆ ಕೊಡಿ:

"ಮಳೆ ನಿಂತ ಮೇಲೆ ಹೊರಗೆ ಬಂದ ಹುಡುಗ ಕೆಸರಲ್ಲಿ ಬಿದ್ದಿದ್ದ ಚೆಂಡನ್ನು ನೋಡಿದ."

ಕೇಳಿ: ಕೆಸರಲ್ಲಿ ಬಿದ್ದಿದ್ದು ಯಾರು? ನನ್ನ ಕ್ಲಾಸಲ್ಲಿ ಸುಮಾರು ಮಕ್ಕಳು "ಹುಡುಗ" ಅಂತಾರೆ. ಯಾಕಂದ್ರೆ "ಹುಡುಗ ಕೆಸರಲ್ಲಿ ಬಿದ್ದಿದ್ದ" ಅಲ್ಲಿಗೆ ಒಂದು ವಾಕ್ಯ ಮುಗಿದ ಹಾಗೆ ಕೇಳುತ್ತೆ. ಹುಡುಗ ಆದ ಮೇಲೆ ಒಂಚೂರು ನಿಲ್ಲಬೇಕು. "ಕೆಸರಲ್ಲಿ ಬಿದ್ದಿದ್ದ ಚೆಂಡನ್ನು" ಒಂದೇ ಉಸಿರಲ್ಲಿ ಬರಬೇಕು. ಹಾಗೆ ಓದಿದ ಮಗು ತಪ್ಪು ಹೇಳಲ್ಲ.

ಮಾಡಬೇಕಾದ್ದು ಇಷ್ಟು. ಮೊದಲು ನೀವು ಒಂದು ಪ್ಯಾರಾ ಮಾತಾಡೋ ಹಾಗೆ ಓದಿ, ಬೆರಳು ಸಾಲಿನ ಕೆಳಗೆ ಇರಲಿ. ಅದನ್ನೇ ಅವಳು ಓದಲಿ. ಬೇಕಾದ್ರೆ ಪೆನ್ಸಿಲಲ್ಲಿ ತುಂಡಿಗೊಂದು ಸಣ್ಣ ಗೀಟು ಹಾಕಿಕೊಡಿ, ಕೆಲವು ವಾರ ಆದ ಮೇಲೆ ಅವಳೇ ಹಾಕಲಿ. ಮತ್ತೆ ದಯವಿಟ್ಟು ನೆಂಟರ ಮುಂದೆ ಪೇಪರ್ ಓದಿಸೋದು ನಿಲ್ಲಿಸಿ. ವೇಗಕ್ಕೆ ಶಭಾಷ್ ಅಂದಷ್ಟೂ ವೇಗ ಹೆಚ್ಚುತ್ತೆ, ಅವಳ ಗಮನವೆಲ್ಲ ತಪ್ಪಿಲ್ಲದೆ ಹೇಳೋದಕ್ಕೇ ಹೋಗುತ್ತೆ.

ಗಣಕ_ಗಂಗಣ್ಣ

ಚೆಂಡಿನ ವಾಕ್ಯ ನಮ್ಮ ಮನೇಲಿ ಫೇಲ್. "ಹುಡುಗ ಬಿದ್ದ, ಎದ್ದು ಚೆಂಡು ನೋಡಿದ" ಅಂದ.

ವಾಕ್ಯದ ಲೆಕ್ಕದ ಬಗ್ಗೆ ನಾನು ಹೇಳ್ತೀನಿ, ಟ್ಯೂಷನ್ ಮಾಡೋನು. ಮಕ್ಕಳಿಗೆ "ಹೆಚ್ಚು ಅಂದ್ರೆ ಕೂಡು, ಕಡಿಮೆ, ಉಳಿದ ಅಂದ್ರೆ ಕಳಿ" ಅಂತ ಸೂತ್ರ ಹೇಳಿಕೊಟ್ಟಿರ್ತಾರೆ. ಅದೇ ಮುಳ್ಳು. "ರವಿ ಹತ್ರ 8 ಗೋಲಿ ಇವೆ. ಅದು ಸಲೀಮನ ಹತ್ರ ಇರೋದಕ್ಕಿಂತ 3 ಹೆಚ್ಚು. ಸಲೀಮನ ಹತ್ರ ಎಷ್ಟು?" ಹೆಚ್ಚು ಅಂತ ಕಂಡ ತಕ್ಷಣ 11 ಅಂತಾರೆ. ಉತ್ತರ 5. ನಾನು ಈಗ ಏನ್ ಮಾಡ್ತೀನಿ ಅಂದ್ರೆ ಅಂಕಿ ಮುಚ್ಚಿಬಿಡ್ತೀನಿ. "ರವಿ ಹತ್ರ ಸ್ವಲ್ಪ ಗೋಲಿ, ಸಲೀಮನಿಗಿಂತ ಜಾಸ್ತಿ. ಯಾರ ಹತ್ರ ಕಡಿಮೆ?" ಅದಕ್ಕೆ ಉತ್ತರ ಬಂದ ಮೇಲೇ ಅಂಕಿ ತೋರಿಸೋದು. ಲೆಕ್ಕದ ಮೇಷ್ಟ್ರು ಓದಿನ ಮೇಷ್ಟ್ರೂ ಆಗಬೇಕು.

ಹಾಸನದ_ಅಪ್ಪ

ಗಂಗಣ್ಣ, ಇದು ತುಂಬ ಉಪಯೋಗ ಆಯ್ತು. ಅಂಕಿ ಮುಚ್ಚೋದು ಗೊತ್ತೇ ಇರಲಿಲ್ಲ.

ಡಲ್ಲಾಸ್_ಕನ್ನಡತಿ

ನಮ್ಮ ಕಡೆ ವಾರಾಂತ್ಯದ ಕನ್ನಡ ತರಗತಿಯಲ್ಲಿ ಪಾಠ ಮಾಡ್ತೀನಿ. ಇಲ್ಲಿ ಹಾಸನದವರಿಗೆ ಪೂರ್ತಿ ಉಲ್ಟಾ. ಕನ್ನಡದ ಅಕ್ಷರ ಬರೆದ ಹಾಗೇ ಉಚ್ಚಾರ ಆಗೋದ್ರಿಂದ ಮಕ್ಕಳು ಬೇಗ ಓದೋದು ಕಲೀತಾರೆ, ತಾಯ್ತಂದೆಯರು ಖುಷಿಯಲ್ಲಿ ವಿಡಿಯೊ ಮಾಡಿ ಅಜ್ಜಿಗೆ ಕಳಿಸ್ತಾರೆ. ಆದ್ರೆ ಮನೇಲಿ ಮಾತಾಡಲ್ಲ. ಓದಿದ ಒಂದು ಸಾಲೂ ತಿಳಿಯಲ್ಲ. ನಾನು ಕೊಪ್ಪಳದ ಸರ್ ಮಾತಿಗೆ ಬರ್ತೀನಿ, ಮೊದಲು ಮಾತು. ಅಡುಗೆಮನೇಲಿ, ಕಾರಲ್ಲಿ ಕನ್ನಡ ಆಡದೆ ಅಕ್ಷರ ಮಾತ್ರ ಕಲಿಸಿ ಅಂದ್ರೆ ನನ್ನಿಂದ ಏನೂ ಮಾಡೋಕಾಗಲ್ಲ ಅಂತ ಈಗ ನೇರವಾಗಿ ಹೇಳ್ತೀನಿ.

ಸಿದ್ದು_ತಿಪಟೂರು

ಎಲ್ಲ ಮೊಬೈಲಿನ ಪ್ರಭಾವ. ಅದನ್ನ ಮೊದಲು ಕಿತ್ತುಕೊಳ್ಳಿ.

ಬೆಂಗಳೂರು_ಅಮ್ಮ

ಕಿತ್ತುಕೊಂಡು ಕೈಗೆ ಏನು ಕೊಡ್ಬೇಕು? ಮನೇಲಿ ಪಠ್ಯಪುಸ್ತಕ ಬಿಟ್ಟು ಇನ್ನೊಂದು ಕನ್ನಡ ಪುಸ್ತಕ ಇದೆಯಾ ನೋಡಿ ಮೊದಲು. ಮೊಬೈಲಲ್ಲೇ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ ಜಾಲತಾಣ ತೆರೆದ್ರೆ ಕನ್ನಡ ಕಥೆಗಳು ಉಚಿತವಾಗಿ ಸಿಗ್ತವೆ, ಹಂತ 1ರಿಂದ 4ರವರೆಗೆ ವಿಂಗಡಿಸಿದ್ದಾರೆ. ನನ್ನ ಮಗನಿಗೆ ವಯಸ್ಸು ನೋಡಿ 3ನೇ ಹಂತ ಕೊಟ್ಟೆ, ಮುಟ್ಟಲಿಲ್ಲ. 1ನೇ ಹಂತ ಕೊಟ್ಟ ಮೇಲೆ ತಾನೇ ಕೇಳಿ ಓದಿದ.

ಗ್ರಂಥಾಲಯ_ಗೆಳೆಯ

ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನ ಯಾಕೆ ಯಾರೂ ಹೇಳ್ತಿಲ್ಲ? ಈಗ ಅರಿವು ಕೇಂದ್ರ ಅಂತ ಹೆಸರು. 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಮೇಲೆ, 2020ರಲ್ಲಿ ಓದುವ ಬೆಳಕು ಅಂತ ಕಾರ್ಯಕ್ರಮ ಮಾಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ರು. ನಮ್ಮ ಪಂಚಾಯಿತಿಯಲ್ಲಿ ಮಕ್ಕಳ ಪುಸ್ತಕ ಒಂದು ಕಪಾಟು ತುಂಬ ಇದೆ.

ಸರ್ಕಾರಿಶಾಲೆ_ಉಳಿಸಿ

ನಮ್ಮೂರಲ್ಲೂ ಇದೆ. ಮಕ್ಕಳು ಶಾಲೆ ಬಿಟ್ಟು ಬರೋ ಹೊತ್ತಿಗೆ ಬೀಗ.

ಗ್ರಂಥಾಲಯ_ಗೆಳೆಯ

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅವರು, ಪಂಚಾಯಿತಿ ಸದಸ್ಯರು ಸೇರಿ ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ) ಅರ್ಜಿ ಕೊಡಿ. ನಮ್ಮಲ್ಲಿ ಕೊಟ್ಟ ಮೇಲೆ ಸಂಜೆ ತೆಗೀತಿದ್ದಾರೆ. ಬಾಯಲ್ಲಿ ಹೇಳಬೇಡಿ, ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ.

ಕಪ್ಪುಹಲಗೆ_ಮೇಡಂ

ಇನ್ಬಾಕ್ಸಲ್ಲಿ ಕೆಲವರು ಅಭ್ಯಾಸಕ್ಕೆ ಪ್ಯಾರಾ ಕೇಳಿದ್ರು. ಇದು ನಾನು 3ನೇ ತರಗತಿಗೆ ಬರೆದದ್ದು, ಬಳಸಿಕೊಳ್ಳಿ:

"ಸಂತೆಯಿಂದ ಬಂದ ಅಜ್ಜ ಕೊಡೆಯನ್ನು ಜಗಲಿಯ ಮೇಲೆ ಬಿಚ್ಚಿಟ್ಟ. ಪುಟ್ಟಿ ಓಡಿಹೋಗಿ ಟವೆಲ್ ತಂದಳು. ಅಜ್ಜ ಅಂಗಿಯೊಳಗಿಂದ ಬೆಲ್ಲದ ಪೊಟ್ಟಣ ತೆಗೆದು, 'ಇದಕ್ಕೇನೂ ಆಗಿಲ್ಲ ನೋಡು' ಎಂದ. ಒಳಗಿಂದ ಅಜ್ಜಿ, 'ಮೊದಲು ಒಲೆ ಹತ್ತಿರ ಬನ್ನಿ' ಎಂದಳು."

ಅಜ್ಜ ಎಲ್ಲಿಂದ ಬಂದ? ಇದು ಸಾಲಲ್ಲೇ ಇದೆ, ಎಲ್ಲರೂ ಹೇಳ್ತಾರೆ. ದಾರಿಯಲ್ಲಿ ಏನಾಗಿತ್ತು? ನಿನಗೆ ಹೇಗೆ ಗೊತ್ತಾಯ್ತು? ಮಳೆ ಅನ್ನೋ ಪದ ಇಡೀ ಪ್ಯಾರಾದಲ್ಲಿ ಎಲ್ಲೂ ಇಲ್ಲ, ನೋಡಿ. ಕೊಡೆ, ಟವೆಲ್, ಒಲೆ ಮೂರನ್ನೂ ಮಗು ಸೇರಿಸಿಕೊಳ್ಳಬೇಕು. ಬೆಲ್ಲ ಕೈಚೀಲದಲ್ಲಿ ಇಡದೆ ಅಂಗಿಯೊಳಗೆ ಯಾಕೆ ಇಟ್ಟುಕೊಂಡ? ಅಜ್ಜಿ ಯಾಕೆ ಒಲೆ ಹತ್ತಿರ ಕರೆದಳು? "ಹೇಗೆ ಗೊತ್ತಾಯ್ತು" ಅನ್ನೋ ಪ್ರಶ್ನೆ ಮಾತ್ರ ಬಿಡಬೇಡಿ. ಉತ್ತರ ಸರಿ ಇದ್ದಾಗಲೂ ಕೇಳಿ. ತಪ್ಪಿದ್ದಾಗ ಮಾತ್ರ ಕೇಳಿದ್ರೆ ಮಗು ಆ ಪ್ರಶ್ನೆ ಬಂದ ಕೂಡಲೇ ಉತ್ತರ ಬದಲಾಯಿಸುತ್ತೆ.

ಮಾಸ್ತರ_ಕೊಪ್ಪಳ

ಮೇಡಂ, ನಿನ್ನೆ ಇದನ್ನ ನಾಕನೇತ್ತೆಗೆ ಕೊಟ್ಟಿದ್ನಿರಿ. ಒಬ್ಬಾಂವ "ಬಿಸಲ ಬಾಳ ಇತ್ತು, ಅಜ್ಜ ಬೆವತಿದ್ದ, ಅದಕ್ಕ ಟವೆಲ್" ಅಂದ. ನಮ್ಮ ಕಡೆ ಛತ್ರಿ ಹಿಡಿಯೋದು ಬಿಸಲಿಗೇ ಜಾಸ್ತಿ. ನನಗ ತಪ್ಪು ಅನ್ನಾಕ ಮನಸ್ಸು ಬರಲಿಲ್ಲ.

ಅಕ್ಷರಪ್ರೇಮಿ_68

ತಪ್ಪನ್ನು ತಪ್ಪು ಎನ್ನಬೇಕು. ಹೇಳಿದ್ದೆಲ್ಲ ಸರಿ ಎಂದರೆ ಅದು ಪಾಠವಲ್ಲ.

ಕಪ್ಪುಹಲಗೆ_ಮೇಡಂ

ತಪ್ಪು ಅನ್ನೋದಕ್ಕಿಂತ ಪ್ಯಾರಾಕ್ಕೇ ವಾಪಸ್ ಕಳಿಸಿ ಸರ್. "ಬೆವತಿದ್ರೆ ಅಜ್ಜಿ ಒಲೆ ಹತ್ರ ಯಾಕೋ ಕರೀತಾಳೆ?" ಅನ್ನಿ. ಕೊಡೆ, ಟವೆಲ್ ಎರಡಕ್ಕೂ ಅವನ ಉತ್ತರ ಹೊಂದುತ್ತೆ, ಒಲೆಗೆ ಹೊಂದಲ್ಲ. ಅದನ್ನ ಅವನೇ ನೋಡಿ ಬದಲಾಯಿಸಿದ್ರೆ ಅಲ್ಲೇ ಕಲಿತ. ಹಿರಿಯರ ಮಾತೂ ಉಳೀತು, ಹೇಳಿದ್ದೆಲ್ಲ ಸರಿ ಅನ್ನಲಿಲ್ಲ ನಾವು.

ಅಕ್ಷರಪ್ರೇಮಿ_68

ಈ ವಿಧಾನ ಸರಿಯಾಗಿದೆ. ಕಾಗುಣಿತದ ಬಗ್ಗೆ ನನ್ನ ಅಭಿಪ್ರಾಯ ಮಾತ್ರ ಬದಲಾಗಿಲ್ಲ.

ಮಾಸ್ತರ_ಕೊಪ್ಪಳ

ಸೋಮವಾರ ಒಲಿದೇ ಕೇಳ್ತೀನ್ರಿ.

ಹೊಸಬಳು_ಗದಗ

ಎಲ್ಲಾ ಓದಿದೆ. ನನ್ನ ಮಗ ಎರಡನೇತ್ತೆ, ಅವಗ ಇನ್ನೂ ಗ, ರ ಅಂದ್ರ ಗುರ್ತ ಸಿಗವಲ್ತು. ಬ ಮತ್ತ ಭ ಒಂದೇ ಅಂತಾನ. ಅವಗೂ ಈ ಪ್ಯಾರಾ ಓದಿಸಬಹುದೇನ್ರಿ ಮೇಡಂ?

ಕಪ್ಪುಹಲಗೆ_ಮೇಡಂ

ಇಲ್ಲಮ್ಮ, ಅವನದು ಬೇರೆ ವಿಷಯ. ಪ್ಯಾರಾನ ನೀವು ಓದಿ ಹೇಳಿ, ಪ್ರಶ್ನೆ ಕೇಳಿ, ಅದು ಈಗಿನಿಂದಲೇ ನಡೀಲಿ. ಅಕ್ಷರಕ್ಕೆ ಬೇರೆ ಹೊತ್ತು ಇಡಿ. ಮೊದಲು ಕಣ್ಣು, ಕಿವಿ ಒಂದ್ಸಲ ತೋರಿಸಿಕೊಂಡು ಬನ್ನಿ, ಆಮೇಲೆ ಅವನಿಗೆ ಯಾವ್ಯಾವ ಅಕ್ಷರ ಗೊತ್ತು ಅಂತ ಪಟ್ಟಿ ಮಾಡಿ ಹೊಸ ಚರ್ಚೆ ಶುರು ಮಾಡಿ. ಕೊಪ್ಪಳದ ಸರ್ ಕೂಡ ಬರ್ತಾರೆ, ನಿಮ್ಮ ಕಡೆ ಮಾತಲ್ಲೇ ಹೇಳಿಕೊಡ್ತಾರೆ.